ಸೋಲೋಗೆ ಹೊರಟ ಮಕ್ಕಳಿಗೆ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯಿಂದ ಜಕ್ಕೂರಿಗೋ ಮೈಸೂರಿನ ಮಂಡಕಳ್ಳಿಗೋ ಹಾರಾಟ ಕಲಿಯಲು ಹೋಗುವ ಮಗು ಮನೆಯ ದುಡ್ಡಿನ ಲೆಕ್ಕವನ್ನೂ ಹೊತ್ತುಕೊಂಡೇ ಹೋಗುತ್ತದೆ. ಗದ್ದೆ ಮಾರಿರುತ್ತಾರೆ, ಇಲ್ಲವೆ ಸಾಲ ತಂದಿರುತ್ತಾರೆ. ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಹಾರಬೇಕು, ಗಂಟೆಗೆ ಸಾವಿರಾರು ರೂಪಾಯಿ. ಅಪ್ಪನ ಸಾಲವನ್ನು ನೆನೆದು ಚೆನ್ನಾಗಿ ಓದು, ಬೇಡ ಅನ್ನುವುದಿಲ್ಲ. ಆದರೆ ರನ್‌ವೇ ಕಣ್ಣೆದುರು ಬಂದ ಮೇಲೆ ಆ ಲೆಕ್ಕವನ್ನು ಮನಸ್ಸಿನಿಂದ ತೆಗೆದುಬಿಡು.

ಚಿಕ್ಕ ವಿಮಾನದ ತರಬೇತಿಯಲ್ಲಿ ಅಪಘಾತಗಳು ಹೆಚ್ಚಾಗಿ ಆಗುವುದು ಇಳಿಯುವಾಗಲೇ. ಅದರಲ್ಲೂ ಪುಟಿತದಿಂದ. ಸೆಸ್ನಾ 172ರಂಥ ವಿಮಾನ ಸುಮಾರು 65 ನಾಟ್ ವೇಗದಲ್ಲಿ ಬರಬೇಕಾದಲ್ಲಿ 75ರಲ್ಲಿ ಬಂದರೆ ನೆಲ ಮುಟ್ಟದೆ ತೇಲುತ್ತದೆ. ರನ್‌ವೇ ಮುಗಿಯುತ್ತಿದೆ ಎಂಬ ಆತಂಕಕ್ಕೆ ಹುಡುಗ ಮೂತಿಯನ್ನು ಬಲವಂತವಾಗಿ ಕೆಳಕ್ಕೆ ಒತ್ತುತ್ತಾನೆ, ವಿಮಾನ ಪುಟಿಯುತ್ತದೆ. ಮತ್ತೆ ಒತ್ತಿದರೆ ಮುಂದಿನ ಚಕ್ರವೇ ಮೊದಲು ನೆಲಕ್ಕೆ ಬಡಿಯುತ್ತದೆ. ಎರಡನೆಯ ಪುಟಿತ ಮೊದಲಿನದಕ್ಕಿಂತ ದೊಡ್ಡದು. ಮೂರನೆಯದಕ್ಕೆ ಪ್ರೊಪೆಲ್ಲರ್ ನೆಲ ಕೆರೆಯುತ್ತದೆ. ಇಷ್ಟೂ ಕೆಲವೇ ಸೆಕೆಂಡುಗಳಲ್ಲಿ.

ಆದ್ದರಿಂದ ಜೋರಾಗಿ ಪುಟಿದ ಕೂಡಲೇ ಪೂರ್ತಿ ಥ್ರಾಟಲ್ ಕೊಡು, ಮೂತಿ ಹದವಾಗಿ ಹಿಡಿ, ಬಲಗಾಲಿನ ರಡರ್ ಒತ್ತಿ ನೇರವಾಗಿರು, ಫ್ಲ್ಯಾಪನ್ನು ಹಂತಹಂತವಾಗಿ ತೆಗೆ, ಏರು. ಇನ್ನೊಂದು ಸುತ್ತಿಗೆ ಏಳೆಂಟು ನಿಮಿಷದ ದುಡ್ಡು ಹೋಗುತ್ತದೆ, ಹೋಗಲಿ. ಹೀಗೆ ಮತ್ತೆ ಏರಿ ಗೋ-ಅರೌಂಡ್ ಮಾಡಿದವನನ್ನು ಯಾವ ಒಳ್ಳೆಯ ಇನ್‌ಸ್ಟ್ರಕ್ಟರೂ ಹೀಯಾಳಿಸುವುದಿಲ್ಲ. ಹೀಯಾಳಿಸಿದರೆ ಅವರ ಪಕ್ಕ ಕೂರಬೇಡ.

ಪುಟಿತ ವಿಮಾನವನ್ನು ಮುರಿಯುತ್ತದೆ. ಪ್ರಾಣ ತೆಗೆಯುವುದು ಇಳಿಯುವ ಮುನ್ನ ರನ್‌ವೇಯ ನೇರಕ್ಕೆ, ಬೇಸ್‌ನಿಂದ ಫೈನಲ್‌ಗೆ, ತಿರುಗುವ ತಿರುವು. ರನ್‌ವೇ ನೇರ ತಪ್ಪಿತೆಂದು ಕಾಲಿನಲ್ಲಿ ಒತ್ತಿ ಒತ್ತಿ ತಿರುಗಿಸಿ, ಮೂತಿ ಎತ್ತಿ ಹಿಡಿದರೆ ಸ್ಟಾಲ್ ಆಗಿ ಸುತ್ತಿಕೊಳ್ಳುತ್ತದೆ. ಅಷ್ಟು ತಗ್ಗಿನಲ್ಲಿ ಸರಿಪಡಿಸಲು ಎತ್ತರವೇ ಇರುವುದಿಲ್ಲ. ಜಕ್ಕೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಗಾಳಿ ತೆಳು, ವೇಗದ ಮೀಟರ್ 65 ತೋರಿಸುವಾಗ ನೆಲ ಇನ್ನೂ ಬೇಗ ಓಡುವಂತೆ ಕಾಣುತ್ತದೆ. ಕಣ್ಣಿಗೆ ಹೆದರಿ ವೇಗ ಇಳಿಸಬೇಡ, ಮೀಟರ್ ನೋಡು. ಜಕ್ಕೂರು, ಮಂಡಕಳ್ಳಿ ಎರಡೂ ಕಡೆಯ ರನ್‌ವೇ ಪೂರ್ವ-ಪಶ್ಚಿಮವಾಗಿವೆ. ಆಷಾಢದ ಗಾಳಿ ತೆಂಕಣಕ್ಕೆ ವಾಲಿದ ದಿನ ಓರೆಯಾಗಿ ತಳ್ಳುತ್ತದೆ. ಅಂಥ ದಿನ ಒಬ್ಬನೇ ಹೋಗುವ ಹಟ ಬೇಡ.

ಎಂಜಿನ್ ನಿಂತರೆ? 2023ರ ಮೇ ಕೊನೆಯಲ್ಲಿ ಬೆಳಗಾವಿಯ ಸಾಂಬ್ರಾದಿಂದ ಹಾರಿದ ತರಬೇತಿ ವಿಮಾನವೊಂದು ಹೊನ್ನಿಹಾಳದ ಹೊಲದಲ್ಲಿ ಇಳಿಯಬೇಕಾಯಿತು. ಒಳಗಿದ್ದ ಇಬ್ಬರೂ ಬದುಕಿದರು. ನಮ್ಮ ಸೀಮೆಯ ನೆಲ ನಿನಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿಲ್ಲ, ಆ ತಿಳಿವಳಿಕೆಯನ್ನು ಬಳಸು. ವಿಶ್ವೇಶ್ವರಯ್ಯ ನಾಲೆಯ ಬಯಲಲ್ಲಿ ಹಸಿರು ಚೆಂದ ಕಾಣುತ್ತದೆ. ಆದರೆ ನೀರು ನಿಂತ ಭತ್ತದ ಗದ್ದೆಯಲ್ಲಿ ಚಕ್ರ ಹೂತು ವಿಮಾನ ಮಗುಚುತ್ತದೆ. ಆಳೆತ್ತರ ಮೀರಿದ ಕಬ್ಬಿನ ಮೇಲೆ ಇಳಿಯಲೇಬೇಕಾದರೆ ಕಬ್ಬಿನ ತಲೆಯನ್ನೇ ನೆಲವೆಂದು ತಿಳಿ. ಮಳವಳ್ಳಿ ಕಡೆಯ ಒಣ ರಾಗಿ ಹೊಲ ಸಿಕ್ಕರೆ ಅದೇ ಮೇಲು. ಉತ್ತಿದ್ದರೆ ಸಾಲಿನ ಗುಂಟವೇ ಇಳಿ. ತಂತಿ ಮೇಲಿನಿಂದ ಕಾಣುವುದಿಲ್ಲ, ಕಂಬ ಹುಡುಕು. ಗಾಳಿ ಎತ್ತಲಿಂದ ಎಂದು ಆಲೆಮನೆಯ ಹೊಗೆ ಹೇಳುತ್ತದೆ.

ಇನ್ನು, ಗಟ್ಟಿಯಾಗಿ ಬಡಿದು ಇಳಿದದ್ದನ್ನು ಮುಚ್ಚಿಡಬೇಡ. ಸೆಸ್ನಾದ ಮುಂದಿನ ಚಕ್ರ ಪೆಟ್ಟು ತಿಂದರೆ ಎಂಜಿನ್ ಹಿಂದಿನ ತಗಡು ನೆರಿಗೆ ಬೀಳುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಪ್ರೊಪೆಲ್ಲರ್ ನೆಲಕ್ಕೆ ತಾಗಿದ್ದರೆ ಎಂಜಿನ್ನಿನ ಒಳಗೇ ಬಿರುಕಿರಬಹುದು. ಮುಂದಿನ ಪಾಳಿಯಲ್ಲಿ ಅದೇ ಸೀಟಿನಲ್ಲಿ ಕೂರುವುದು ನಿನ್ನ ಜೊತೆಯವರೇ. ಬೈಗುಳ ತಿಂದರೂ ಸರಿ, ಇಳಿದ ಕೂಡಲೇ ಹೇಳಿ ಬರೆಸು. ಎಂಜಿನಿಯರ್ ನೋಡಿ ಸಹಿ ಹಾಕುವ ತನಕ ಆ ವಿಮಾನವನ್ನು ಯಾರೂ ಹತ್ತದಂತೆ ನೋಡಿಕೋ.