ಮುದ್ದೇನಹಳ್ಳಿಯ ಮನೆಯೂ ಕಾಲುವೆ ನೀರಿನ ಲೆಕ್ಕವೂ

ಚಿಕ್ಕಬಳ್ಳಾಪುರಕ್ಕೆ ಕೆಲವೇ ಮೈಲಿಗಳ ದೂರದಲ್ಲಿ, ನಂದಿಬೆಟ್ಟದ ಸಾಲಿನ ಬುಡದಲ್ಲಿ ಮುದ್ದೇನಹಳ್ಳಿ ಎಂಬ ಗ್ರಾಮವಿದೆ. 1912ರಿಂದ 1918ರ ವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಹುಟ್ಟಿದ ಮನೆಯನ್ನು ಅಲ್ಲಿ ಸ್ಮಾರಕವಾಗಿ ಕಾಪಾಡಿಕೊಂಡು ಬರಲಾಗಿದೆ. ಮನೆ ದೊಡ್ಡದಲ್ಲ. ಅವರು ಬಳಸಿದ ಕೆಲವು ವಸ್ತುಗಳು, ಛಾಯಾಚಿತ್ರಗಳು, ಸಂದ ಗೌರವಗಳ ಕುರುಹುಗಳು ಅಲ್ಲಿವೆ. 1962ರ ಏಪ್ರಿಲಿನಲ್ಲಿ ಕಾಲವಾದ ಅವರ ಸಮಾಧಿಯೂ ಅದೇ ಊರಿನಲ್ಲಿದೆ. ದಿವಾನಗಿರಿ ಮಾಡಿದವರ ಮನೆಯೆಂದರೆ ಅರಮನೆಯ ಮಾದರಿಯದೆಂದು ಎಣಿಸಿ ಹೋದವರಿಗೆ ಆಶಾಭಂಗವಾಗುವುದು ಸಹಜ.

ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಗಳ ಗ್ರಾಮಮುಖಂಡರೂ ಜಮೀನುದಾರರೂ ಇಷ್ಟು ದೂರ ಪ್ರಯಾಣ ಮಾಡಿ ಈ ಮನೆಯನ್ನು ನೋಡತಕ್ಕದ್ದೇಕೆ ಎಂಬ ಪ್ರಶ್ನೆ ಏಳಬಹುದು. ವಿಶ್ವೇಶ್ವರಯ್ಯನವರ ಹೆಸರನ್ನು ಅಣೆಕಟ್ಟು ಕಟ್ಟಿದವರೆಂದು ಎಲ್ಲರೂ ಬಲ್ಲರು. ಕಟ್ಟಿದ ನೀರನ್ನು ಹೊಲಹೊಲಕ್ಕೆ ಹೇಗೆ ಹಂಚಬೇಕೆಂಬ ವಿಷಯದಲ್ಲಿ ಅವರು ಮಾಡಿದ ಕೆಲಸವನ್ನು ಬಲ್ಲವರು ವಿರಳ. ಕಾಲುವೆಯ ಕೆಳಗೆ ಬೇಸಾಯ ಮಾಡುವವರಿಗೆ ಅಣೆಕಟ್ಟಿಗಿಂತಲೂ ಆ ಎರಡನೆಯ ಕೆಲಸವೇ ಹತ್ತಿರವಾದುದು.

ಮನೆಯನ್ನು ನೋಡಿದ ಬಳಿಕ ಸುತ್ತಣ ಭೂಮಿಯನ್ನು ನೋಡಬೇಕು. ಅಣೆಕಟ್ಟುಗಳ ಶಿಲ್ಪಿಯ ಹುಟ್ಟೂರಿಗೆ ಕಾಲುವೆಯಿಲ್ಲ. ನಂದಿಬೆಟ್ಟಗಳ ಸುತ್ತಿನಲ್ಲಿ ಪಿನಾಕಿನಿ, ಪಾಲಾರ್, ಅರ್ಕಾವತಿ ಮೊದಲಾದ ನದಿಗಳು ಹುಟ್ಟುತ್ತವೆ. ಆದರೆ ವರ್ಷವಿಡೀ ಹರಿಯುವ ಹೊಳೆ ಒಂದೂ ಆ ಸೀಮೆಯಲ್ಲಿಲ್ಲ. ಪೂರ್ವದಲ್ಲಿ ಆ ಪ್ರಾಂತದ ರೈತರು ಕೆರೆಗಳನ್ನು ನಂಬಿದ್ದರು. ತೂಬನ್ನು ಎತ್ತುವ, ಇಳಿಸುವ ಹೊಣೆ ಊರ ನೀರ್ಗಂಟಿಯದು. ಕೆರೆಯಲ್ಲಿ ನೀರು ಕಡಮೆಯಾದ ವರ್ಷ ಅಚ್ಚುಕಟ್ಟಿನ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಹೋಗಬೇಕೆಂಬುದನ್ನು ಅವನು ಪಾಲಿಗೆ ತಕ್ಕಂತೆ ನಡೆಸುತ್ತಿದ್ದನು. ಕೆರೆಗಳು ಹೂಳು ತುಂಬಿ ಬತ್ತಿದ ಮೇಲೆ ಕೊಳವೆಬಾವಿಗಳು ಬಂದವು. ಈಗ ಸಾವಿರ ಅಡಿಗೂ ಮಿಕ್ಕಿ ಕೊರೆದರೂ ನೀರು ಸಿಗುವ ಭರವಸೆಯಿಲ್ಲ. ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಕೊಳಚೆನೀರನ್ನು ಶುದ್ಧಿಮಾಡಿ ಕೊಳವೆಗಳಲ್ಲಿ ತಂದು ಈ ಜಿಲ್ಲೆಯ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಅದೂ ಅಂತರ್ಜಲ ಏರಲೆಂಬ ಉದ್ದೇಶದಿಂದ. ದ್ರಾಕ್ಷಿ, ಹೂ, ತರಕಾರಿ, ಹಿಪ್ಪುನೇರಳೆಯ ತೋಟಗಳಲ್ಲಿ ಗಿಡದ ಬುಡಕ್ಕೆ ಹನಿಹನಿಯಾಗಿ ನೀರು ಬೀಳುವುದನ್ನು ಅಲ್ಲಿ ಕಾಣಬಹುದು. ಮಡಿಯ ತುಂಬ ನೀರು ನಿಲ್ಲಿಸಿ ರೂಢಿಯಿರುವ ಎರೆಭೂಮಿಯ ರೈತನಿಗೆ ಆ ನೋಟವೇ ಒಂದು ಪಾಠ. ನೀರು ಕಡಮೆಯಿದ್ದವನಿಗೆ ಅದನ್ನು ಅಳೆಯುವ ವಿದ್ಯೆ ತಾನಾಗಿಯೇ ಬರುವುದು. ಹೇರಳವಾಗಿದ್ದವನಿಗೆ ಅದನ್ನು ಕಲಿಸಬೇಕಾಗುವುದು. ವಿಶ್ವೇಶ್ವರಯ್ಯನವರಿಗೆ ಬಂದ ಕಷ್ಟವೂ ಇದೇ.

ಅದು ಹೇಗೆಂದರೆ, ಅವರು 1884ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. 1899ರ ಸುಮಾರಿಗೆ ಪುಣೆಯ ಪ್ರಾಂತದ ನೀರಾ ಕಾಲುವೆಯ ವಿಚಾರ ಅವರ ಮುಂದೆ ಬಂದಿತು. ಅಲ್ಲಿ ನೀರಿನ ಕಂದಾಯ ಎಕರೆಯ ಮೇಲೆ ಇದ್ದಿತೇ ಹೊರತು ಬಳಸಿದ ನೀರಿನ ಮೇಲೆ ಇರಲಿಲ್ಲ. ಆದಕಾರಣ ಕಾಲುವೆಯ ತಲೆಯಲ್ಲಿದ್ದವರು ಕಬ್ಬಿಗೆ ಬೇಕಾದದ್ದಕ್ಕಿಂತ ಹೆಚ್ಚು ನೀರು ಹಾಯಿಸುತ್ತಿದ್ದರು. ಅವರ ಭೂಮಿ ಜವುಳಾಗುತ್ತಿದ್ದಿತು. ಕೆಳಗಿನ ಗ್ರಾಮಗಳಿಗೆ ನೀರು ಮುಟ್ಟುತ್ತಿರಲಿಲ್ಲ. ಒಂದೇ ತಪ್ಪಿನಿಂದ ಮೇಲಿನವನಿಗೂ ಕೆಳಗಿನವನಿಗೂ ನಷ್ಟ. ಇದಕ್ಕೆ ಪರಿಹಾರವಾಗಿ ಅವರು ಬ್ಲಾಕ್ ಪದ್ಧತಿ ಎಂಬುದನ್ನು ಸೂಚಿಸಿದರು. ಕಾಲುವೆಯ ನೀರನ್ನು ಒಂದೇ ಕಡೆ ಸುರಿಯದೆ ಅನೇಕ ಗ್ರಾಮಗಳಿಗೆ ಹಂಚಿ, ಪ್ರತಿ ಗ್ರಾಮದಲ್ಲಿಯೂ ಒಳ್ಳೆಯ ಭೂಮಿಯನ್ನು ಆರಿಸಿ ಬ್ಲಾಕುಗಳಾಗಿ ಗೊತ್ತುಮಾಡುವುದು. ಬ್ಲಾಕಿನ ಒಂದು ಭಾಗಕ್ಕೆ ಮಾತ್ರ ಕಬ್ಬು, ಉಳಿದ ಭಾಗಕ್ಕೆ ಕಡಮೆ ನೀರಿನ ಬೆಳೆ. ವರ್ಷದಿಂದ ವರ್ಷಕ್ಕೆ ಭಾಗಗಳು ಸರದಿಯಂತೆ ಬದಲಾಗುವುದು. ಒಬ್ಬನ ಹೊಲವೇ ಸದಾ ಕೆಸರಾಗಿರದು, ಇನ್ನೊಬ್ಬನದೇ ಸದಾ ಒಣಗದು. ಮೊದಲಲ್ಲಿ ರೈತರು ಇದನ್ನು ಒಪ್ಪಲಿಲ್ಲ. ತಲೆಭಾಗದವರಿಗೆ ಇದು ತಮ್ಮ ಹಕ್ಕನ್ನು ಕಸಿದಂತೆ ತೋರಿದ್ದರಲ್ಲಿ ಆಶ್ಚರ್ಯವಿಲ್ಲ.

ಮಂಡ್ಯದ ಸೀಮೆಯಲ್ಲಿ ಕೃಷ್ಣರಾಜಸಾಗರದಿಂದ ಹೊರಡುವ, ಈಗ ವಿಶ್ವೇಶ್ವರಯ್ಯ ನಾಲೆ ಎನ್ನಿಸಿಕೊಂಡಿರುವ ಕಾಲುವೆಯ ಕೆಳಗೂ ಇಂತಹ ಸರದಿಯನ್ನು ಆದಿಯಲ್ಲಿ ಗೊತ್ತುಮಾಡಿದ್ದರು. ಕಾಲಕ್ರಮದಲ್ಲಿ ಕಬ್ಬೂ ಭತ್ತವೂ ಹೊಲಗಳನ್ನೆಲ್ಲ ಹಿಡಿದುಕೊಂಡವು. ಪದ್ಧತಿ ಕಾಗದದ ಮೇಲೆ ಎಷ್ಟೇ ಸೊಗಸಾಗಿದ್ದರೂ ಅದನ್ನು ನಡೆಸಬೇಕಾದವರು ಊರಿನವರೇ.

ಈಗ ತುಂಗಭದ್ರೆಯ ಎಡದಂಡೆಗೆ ಬರೋಣ. 1953ರಲ್ಲಿ ನೀರು ನಿಂತ ಈ ಜಲಾಶಯದ ಸಾಮರ್ಥ್ಯ ಮೊದಲು ಸುಮಾರು 133 ಟಿ.ಎಂ.ಸಿ. ಆಗಿದ್ದಿತು, ಹೂಳಿನ ದೆಸೆಯಿಂದ ಅದು ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಣಿ ಕಡಿದು ತುಂಬಿದ ನೀರು ಹೊಳೆಗೆ ಹರಿದುಹೋದುದನ್ನು ಯಾರೂ ಮರೆತಿಲ್ಲ. ಎಡದಂಡೆ ಕಾಲುವೆಯ ಉದ್ದ 227 ಕಿಲೋಮೀಟರು. ಅದರ ಅಚ್ಚುಕಟ್ಟಿನ ಬಹುಭಾಗವನ್ನು ಜೋಳ, ಹತ್ತಿ, ಶೇಂಗಾ ಮೊದಲಾದ ಮಿತನೀರಾವರಿ ಬೆಳೆಗಳಿಗೆಂದು ಗೊತ್ತುಮಾಡಿದ್ದರು. ಈಗ ಅಲ್ಲಿ ಭತ್ತವೇ ಮೇಲುಗೈ. ಭತ್ತದಿಂದ ಸೀಮೆಗೆ ಸಂಪತ್ತು ಬಂದಿತೆಂಬುದೂ ಸುಳ್ಳಲ್ಲ. ಭತ್ತ ಹಾಕಿದವನನ್ನು ಮಾತ್ರ ದೂಷಿಸಿ ಫಲವಿಲ್ಲ.

ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರಿಗೆ ನೆಲೆಯಾದ ಆರ್.ಎಚ್. ಕ್ಯಾಂಪುಗಳೂ ಈ ಸೀಮೆಯಲ್ಲಿಯೇ ಇವೆ. ಹೆಚ್ಚಾದ ನೀರನ್ನು ಹೊರಹಾಕುವುದೇ ದೊಡ್ಡ ಚಿಂತೆಯಾಗಿದ್ದ ನಾಡಿನಿಂದ ಬಂದವರು, ಮಳೆ ಅಪರೂಪವಾದ ಎರೆಭೂಮಿಯಲ್ಲಿ ಕಾಲುವೆಯನ್ನು ನಂಬಿ ಬದುಕು ಕಟ್ಟಿದರು. ಬಸಿಗಾಲುವೆಯ ಬೆಲೆ ಅವರ ಹಿರಿಯರಿಗೆ ಹುಟ್ಟಿನಿಂದ ತಿಳಿದದ್ದು. ಆ ತಿಳಿವಳಿಕೆ ಸುತ್ತಲಿನ ಊರುಗಳಿಗೂ ಬೇಕಾದದ್ದೇ. ಎರೆಮಣ್ಣು ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ಬಸಿಗಾಲುವೆ ಹೂತುಹೋದರೆ ಒಳಗಿನ ಉಪ್ಪು ನೀರಿನೊಡನೆ ಮೇಲಕ್ಕೆ ಏರಿ, ನೀರು ಆರಿದ ಮೇಲೆ ನೆಲದ ಮೇಲೆ ಬಿಳಿಯಾಗಿ ನಿಲ್ಲುವುದು. ಭೂಮಿ ಸವುಳಾಗುವ ಕ್ರಮ ಇದೇ.

ಲೆಕ್ಕವನ್ನು ಒಮ್ಮೆ ನೋಡತಕ್ಕದ್ದು. ಒಂದು ಕ್ಯೂಸೆಕ್ ನೀರು ಒಂದು ಹಗಲು ಒಂದು ರಾತ್ರಿ ಹರಿದರೆ ಒಂದು ಎಕರೆಯ ಮೇಲೆ ಸುಮಾರು 2 ಅಡಿ, ಅಂದರೆ 24 ಅಂಗುಲ ನಿಲ್ಲುವಷ್ಟಾಗುವುದು. ಒಂದು ಸಲಕ್ಕೆ 3 ಅಂಗುಲ ಹಾಯಿಸಿದರೆ ಅದೇ ನೀರು 8 ಎಕರೆಗೆ ಸಾಕು. 6 ಅಂಗುಲ ಹಾಯಿಸಿದರೆ 4 ಎಕರೆಗೆ ಮಾತ್ರ. ಭತ್ತದ ಒಂದು ಬೆಳೆಗೆ ಒಟ್ಟು 1,200 ಮಿಲಿಮೀಟರು, ಜೋಳಕ್ಕೆ 450 ಮಿಲಿಮೀಟರು ಎಂದು ಹಿಡಿದರೆ, ದಾರಿಯ ನಷ್ಟವನ್ನು ಬಿಟ್ಟು, ಒಂದು ಟಿ.ಎಂ.ಸಿ. ನೀರಿನಲ್ಲಿ ಸುಮಾರು 5,800 ಎಕರೆ ಭತ್ತವನ್ನು ಅಥವಾ ಸುಮಾರು 15,500 ಎಕರೆ ಜೋಳವನ್ನು ಬೆಳೆಯಬಹುದು. ಕೊನೆಭಾಗದ ರೈತರು ತಮ್ಮ ತೂಬಿನ ಬಳಿ ಕಾದು ಕುಳಿತಿರುವಾಗ ಅವರ ನೀರು ಎಲ್ಲಿ ನಿಂತಿದೆಯೆಂಬುದಕ್ಕೆ ಈ ಅಂಕಿಗಳೇ ಬಹುಮಟ್ಟಿಗೆ ಉತ್ತರ.

ಮುದ್ದೇನಹಳ್ಳಿಗೆ ಹೊರಡುವವರು ತಮ್ಮ ವಿತರಣಾ ಕಾಲುವೆಯ ನಕ್ಷೆಯನ್ನು ಜೊತೆಗೆ ಒಯ್ಯುವುದು ಲೇಸು. ಅದರಲ್ಲಿ ಪ್ರತಿ ತೂಬಿನ ಕೆಳಗೆ ಎಷ್ಟು ಎಕರೆ, ಯಾವ ಬೆಳೆ, ಯಾವ ಹೊಲ ಸವುಳು ಎಂಬುದನ್ನು ಗುರುತುಹಾಕಿಕೊಂಡಿರಬೇಕು. ತಲೆಭಾಗದವರೂ ಕೊನೆಭಾಗದವರೂ ಒಂದೇ ಗಾಡಿಯಲ್ಲಿ ಹೋದರೆ ಇನ್ನೂ ಉತ್ತಮ. ಕಾಲುವೆಯ ದಂಡೆಯ ಮೇಲೆ ಜಗಳವಾಗುವ ಮಾತು ದಾರಿಯಲ್ಲಿ ಸಮಾಧಾನದಿಂದ ಆಗಬಹುದು. ನೀರು ಬಳಕೆದಾರರ ಸಹಕಾರ ಸಂಘವಿರುವ ಊರಿನವರು ಅದರ ಪದಾಧಿಕಾರಿಗಳನ್ನು ತಪ್ಪದೆ ಕರೆದೊಯ್ಯಬೇಕು. ಮನೆಯನ್ನು ನೋಡಲು ಒಂದು ಗಂಟೆ ಸಾಕು. ಉಳಿದ ಹೊತ್ತನ್ನು ಹನಿನೀರಾವರಿಯ ತೋಟಗಳಿಗೂ, ಹಳೆಯ ಕೆರೆಯ ತೂಬುಗಳಿಗೂ ಇಟ್ಟುಕೊಂಡು, ಅಲ್ಲಿಯ ರೈತರನ್ನು ಎಕರೆಗೆ ಎಷ್ಟು ಗಂಟೆ ನೀರು ಬಿಡುವರೆಂದು ಕೇಳತಕ್ಕದ್ದು. ಸೆಪ್ಟೆಂಬರ್ 15 ಅವರ ಜನ್ಮದಿನ, ಇಂಜಿನಿಯರುಗಳ ದಿನವೆಂದು ಆಚರಿಸುವ ದಿನ. ಆದರೆ ಆ ಹೊತ್ತಿಗೆ ಸಿಂಧನೂರಿನ ಕಡೆ ಗದ್ದೆಯ ಕೆಲಸ ಬಿಡುವಂತಿರುವುದಿಲ್ಲ. ಎರಡನೆಯ ಬೆಳೆಗೆ ನೀರು ಬಿಡುವ ವಿಚಾರ ನೀರಾವರಿ ಸಲಹಾ ಸಮಿತಿಯ ಮುಂದೆ ಬರುವ ಮುಂಚೆ, ಎರಡು ದಿನ ಬಿಡುವು ಮಾಡಿಕೊಂಡು ಹೋಗಿಬಂದರೆ ನಕ್ಷೆಯ ಮೇಲಿನ ಲೆಕ್ಕ ಆ ವರ್ಷಕ್ಕೇ ಉಪಯೋಗಕ್ಕೆ ಬರುವುದು.