ಮೂರು ರೂಪಾಯಿ ಸಂಬಳದಿಂದ ವೈಶಾಲಿಯವರೆಗೆ

ಪರಸ್ಥಳಗಳಿಗೆ ಹೋಗಿ ಬಾಳನ್ನು ಕಟ್ಟಿಕೊಂಡ ಕನ್ನಡಿಗರ ಇತಿಹಾಸದಲ್ಲಿ ಹೊಟೇಲು ಉದ್ಯಮಕ್ಕೆ ವಿಶಿಷ್ಟ ಸ್ಥಾನವಿದೆ. ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದ ಕೆ. ಕೃಷ್ಣರಾಯರು, ಮುಂಬಯಿಯ ಮಾಟುಂಗಾದಲ್ಲಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದ ಎ. ರಾಮ ನಾಯಕರು, ಇವರೆಲ್ಲರೂ ಅಡುಗೆಮನೆಯ ಹೊಗೆಯಲ್ಲಿಯೇ ತಮ್ಮ ವಿದ್ಯೆಯನ್ನು ಕಲಿತವರು. ಪುಣೆಯ ಮಟ್ಟಿಗೆ ಈ ಸಾಲಿನಲ್ಲಿ ಮೊದಲು ನೆನಪಾಗುವ ಹೆಸರು 2023ರಲ್ಲಿ ತೊಂಬತ್ತು ದಾಟಿದ ವಯಸ್ಸಿನಲ್ಲಿ ನಿಧನರಾದ ಜಗನ್ನಾಥ ಶೆಟ್ಟಿಯವರದು. ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿಯಲ್ಲಿ ಒಮ್ಮೆಯಾದರೂ ಸರತಿಯಲ್ಲಿ ನಿಲ್ಲದ ಪುಣೆಕರರು ವಿರಳ.

ಕಾರ್ಕಳದ ಸಮೀಪದ ಬೈಲೂರಿನ ಕಡೆಯವರಾದ ಶೆಟ್ಟಿಯವರು ಹುಟ್ಟಿದ್ದು 1932ರಲ್ಲಿ. 1949ರಲ್ಲಿ, ಹದಿನೇಳರ ಪ್ರಾಯದಲ್ಲಿ, ಅವರು ಊರು ಬಿಟ್ಟು ಕಲ್ಯಾಣಕ್ಕೆ ಬಂದು ಬಂಧುಗಳ ಸಣ್ಣ ಹೊಟೇಲೊಂದರಲ್ಲಿ ಕೆಲಸಕ್ಕೆ ಸೇರಿದರು. ತಿಂಗಳಿಗೆ ಮೂರು ರೂಪಾಯಿ ಸಂಬಳ. ಎರಡು ವರ್ಷಗಳ ಬಳಿಕ, 1951ರಲ್ಲಿ, ಪುಣೆಗೆ ಬಂದರು.

ಈ ಮೂರು ರೂಪಾಯಿಯ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಪರಿಶ್ರಮದ ಮಹಿಮೆಯನ್ನು ಮಾತ್ರ ಕೊಂಡಾಡುತ್ತಾರೆ. ಪರಿಶ್ರಮವಿತ್ತು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅದೇ ಕಾಲದಲ್ಲಿ ಅಷ್ಟೇ ಬೆವರು ಸುರಿಸಿ, ಜೀವಮಾನವಿಡೀ ಎಂಜಲು ಲೋಟ ತೊಳೆದೇ ಊರಿಗೆ ಮರಳಿದವರು ಸಾವಿರಾರು ಮಂದಿ. ಹಾಗಾದರೆ ಮೇಲೆ ಬಂದವನಿಗೆ ಒದಗಿದ್ದು ಏನು? ಮೊದಲನೆಯದಾಗಿ, ಪರವೂರಿನಲ್ಲಿ ಮೊದಲ ದಿನವೇ ಊಟಕ್ಕೂ ಮಲಗುವುದಕ್ಕೂ ಆಸರೆ ಕೊಡುವ ಬಂಧುವೊಬ್ಬನಿದ್ದನು. ಸಂಬಳ ಮೂರೇ ರೂಪಾಯಿಯಾದರೂ ಹೊಟ್ಟೆಯ ಚಿಂತೆಯಿರಲಿಲ್ಲ. ಇದಕ್ಕಿಂತ ಮುಖ್ಯವಾದುದೆಂದರೆ ಆ ಸಣ್ಣ ಹೊಟೇಲುಗಳ ಕ್ರಮ. ಅಲ್ಲಿ ಮೇಜು ಒರೆಸುವ ಮಾಣಿ ಬಡಿಸುವವನಾಗಬಹುದು, ಬಡಿಸುವವನು ರುಬ್ಬುವ ಕಲ್ಲಿನ ಬಳಿಗೆ, ಅಲ್ಲಿಂದ ಒಲೆಯ ಬಳಿಗೆ, ಕಡೆಗೆ ಗಲ್ಲಾದ ಬಳಿಗೆ ಹೋಗಬಹುದು. ಒಂದೊಂದು ಕೆಲಸವೂ ಮುಂದಿನ ಕೆಲಸಕ್ಕೆ ಪಾಠವಾಗುತ್ತಿತ್ತು.

ಪುಣೆಯ ಫರ್ಗ್ಯುಸನ್ ಕಾಲೇಜು ರಸ್ತೆಯಲ್ಲಿ ಕೆಫೆ ಮದ್ರಾಸ್ ಮತ್ತು ಮದ್ರಾಸ್ ಹೆಲ್ತ್ ಹೋಂ ಎಂಬ ಹೆಸರಿನಲ್ಲಿ ಆರಂಭವಾದ ಹೊಟೇಲುಗಳೇ ಮುಂದೆ ರೂಪಾಲಿ, ವೈಶಾಲಿ ಎಂದು ಪ್ರಸಿದ್ಧವಾದವು. ತುಳುನಾಡಿನವರ ಹೊಟೇಲಿಗೆ ಮದ್ರಾಸಿನ ಹೆಸರೇಕೆ ಎಂದು ಇಂದಿನ ಯುವಕರು ಕೇಳಬಹುದು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ದಕ್ಷಿಣ ಕನ್ನಡ ಜಿಲ್ಲೆಯು ಮದ್ರಾಸ್ ಪ್ರಾಂತಕ್ಕೆ ಸೇರಿತ್ತೆಂಬುದನ್ನು ಅವರು ಮರೆಯಬಾರದು. ಉತ್ತರದವರಿಗಂತೂ ಇಡ್ಲಿ ತಿನ್ನುವವರೆಲ್ಲರೂ ಮದ್ರಾಸಿಗಳೇ!

ಸ್ಥಳದ ಆಯ್ಕೆಯೂ ಉಪೇಕ್ಷಿಸತಕ್ಕದ್ದಲ್ಲ. ಫರ್ಗ್ಯುಸನ್ ಕಾಲೇಜು 1885ರಷ್ಟು ಹಳೆಯದು; ಪುಣೆ ವಿಶ್ವವಿದ್ಯಾನಿಲಯವು 1949ರಲ್ಲಿ ಆರಂಭವಾಯಿತು. ಮನೆಯಿಂದ ದೂರವಿದ್ದು ವಸತಿಗೃಹಗಳಲ್ಲಿ ಬೆಳೆದ ವಿದ್ಯಾರ್ಥಿಗೆ ಕಡಿಮೆ ಹಣದಲ್ಲಿ ಬಿಸಿಯಾದ, ಶುಚಿಯಾದ, ಹೊಟ್ಟೆಗೆ ಭಾರವಾಗದ ಆಹಾರ ಬೇಕಿತ್ತು. ‘ಹೆಲ್ತ್ ಹೋಂ’ ಎಂಬ ಹೆಸರು ಕೇವಲ ಅಲಂಕಾರವಾಗಿರಲಿಲ್ಲವೆಂದು ಹೇಳಲು ಇಲ್ಲಿ ಆಧಾರವಿದೆ.

ಆ ಆಧಾರವು ಇಡ್ಲಿಯ ಹಿಟ್ಟಿನಲ್ಲಿದೆ. ಅಕ್ಕಿಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಉದ್ದಿನಲ್ಲಿ ಅದು ಧಾರಾಳ. ಉದ್ದಿನಲ್ಲಿ ಕೊರತೆಯಾಗಿರುವ ಮೆಥಿಯೋನಿನ್ ಅಕ್ಕಿಯಲ್ಲಿ ಸಾಕಷ್ಟಿದೆ. ಎರಡೂ ಕೂಡಿದಾಗ ಒಂದರ ನ್ಯೂನತೆಯನ್ನು ಇನ್ನೊಂದು ತುಂಬುತ್ತದೆ. ರುಬ್ಬಿಟ್ಟ ಹಿಟ್ಟಿನಲ್ಲಿ ಲ್ಯೂಕೊನೊಸ್ಟಾಕ್ ಮೊದಲಾದ ಸೂಕ್ಷ್ಮಜೀವಿಗಳು ಬೆಳೆದು ಆಮ್ಲವನ್ನೂ ಅನಿಲವನ್ನೂ ಉತ್ಪತ್ತಿ ಮಾಡುತ್ತವೆ. ಅನಿಲದಿಂದ ಹಿಟ್ಟು ಉಬ್ಬುತ್ತದೆ. ಆಮ್ಲವು ರೋಗಕಾರಕ ಜೀವಿಗಳ ಬೆಳವಣಿಗೆಯನ್ನು ತಡೆಯುತ್ತದೆ. ಬಳಿಕ ಆವಿಯಲ್ಲಿ ಬೆಂದ ಇಡ್ಲಿಯನ್ನು ಒಲೆಯಿಂದ ನೇರವಾಗಿ ತಟ್ಟೆಗೆ ಇಳಿಸಿದರೆ ಅದಕ್ಕಿಂತ ನಿರಪಾಯವಾದ ತಿಂಡಿಯನ್ನು ಬೀದಿಯಲ್ಲಿ ಹುಡುಕುವುದು ಕಷ್ಟ. ಕುದಿಯುವ ಸಾಂಬಾರಿಗೂ ಇದೇ ಮಾತು ಸಲ್ಲುತ್ತದೆ. ಅಪಾಯವಿರುವುದು ಚಟ್ನಿಯಲ್ಲಿ. ಹಸಿ ತೆಂಗಿನಕಾಯಿ, ಹಸಿ ನೀರು, ರುಬ್ಬುವವನ ಕೈ, ಈ ಮೂರೂ ಶುದ್ಧವಾಗಿರಬೇಕು. ಬೆಳಗಿನ ಚಟ್ನಿಯನ್ನು ಸಂಜೆಯವರೆಗೆ ಹೊರಗಿಡುವ ಹೊಟೇಲಿನಲ್ಲಿ ಇಡ್ಲಿಯ ಗುಣವೆಲ್ಲವೂ ವ್ಯರ್ಥ.

ಇನ್ನು ಪುಣೆಯ ಚಳಿ. ಕರಾವಳಿಯಲ್ಲಿ ಮಾಗಿಯ ರಾತ್ರಿಯಲ್ಲಿಯೂ ಉಷ್ಣತೆಯು 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಸಂಜೆ ರುಬ್ಬಿದ ಹಿಟ್ಟು ನಸುಕಿಗೆ ತಾನಾಗಿಯೇ ಉಬ್ಬಿರುತ್ತದೆ. ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿರುವ ಪುಣೆಯಲ್ಲಿ ಡಿಸೆಂಬರ್, ಜನವರಿಯ ಕೆಲವು ರಾತ್ರಿಗಳು 10 ಡಿಗ್ರಿಗಿಂತ ಕೆಳಗಿಳಿಯುತ್ತವೆ. ಆಗ ಹಿಟ್ಟು ಬೆಳಗಾದರೂ ಏಳುವುದಿಲ್ಲ. ಉಗುರು ಬೆಚ್ಚಗಿನ ನೀರಿನಲ್ಲಿ ರುಬ್ಬುವುದು, ಪಾತ್ರೆಯನ್ನು ಆರಿದ ಒಲೆಯ ಮಗ್ಗುಲಲ್ಲಿ ಗೋಣಿ ಹೊದಿಸಿ ಇಡುವುದು, ಹಿಂದಿನ ದಿನದ ಹುಳಿ ಹಿಟ್ಟನ್ನು ತುಸು ಬೆರೆಸುವುದು, ಇವು ಘಟ್ಟದ ಮೇಲಿನ ಅಡುಗೆಯವರು ರೂಢಿಸಿಕೊಂಡ ಉಪಾಯಗಳು. ನಸುಕಿನಲ್ಲಿ ಬಾಗಿಲು ತೆರೆಯುವ ಹೊಟೇಲಿನಲ್ಲಿ ಹಿಟ್ಟು ಕೈಕೊಟ್ಟರೆ ಆ ದಿನದ ವ್ಯಾಪಾರವೇ ಹೋಯಿತು. ಇಂತಹ ಸಂಗತಿಗಳನ್ನು ಒಲೆಯ ಬಳಿ ನಿಂತು ಕಲಿತ ಯಜಮಾನನನ್ನು ಭಟ್ಟರಾಗಲಿ ದಲಾಲಿಯಾಗಲಿ ಸುಲಭವಾಗಿ ಮೋಸಗೊಳಿಸಲಾರರು. ಬಡತನದಿಂದ ಬಂದ ಉದ್ಯಮಿಯ ನಿಜವಾದ ಬಂಡವಾಳ ಇದೇ ಎಂದು ನನ್ನ ಅಭಿಪ್ರಾಯ.

ಆದರೆ ತಿನ್ನುವವನ ಆರೋಗ್ಯವನ್ನು ಹೇಳಿ ಬಡಿಸುವವನ ಆರೋಗ್ಯವನ್ನು ಬಿಟ್ಟರೆ ಅದು ಅರ್ಧ ಮಾತು. ದಿನಕ್ಕೆ ಹನ್ನೆರಡು ಗಂಟೆ ನಿಂತೇ ಇರುವವರ ಕಾಲುಗಳಲ್ಲಿ ರಕ್ತವು ಮೇಲಕ್ಕೆ ಹರಿಯಲಾರದೆ ನಾಳಗಳು ಉಬ್ಬಿ ಗಂಟುಗಟ್ಟುತ್ತವೆ. ಅಲಕ್ಷಿಸಿದರೆ ಹರಡಿನ ಬಳಿ ಮಾಯದ ಹುಣ್ಣಾಗುತ್ತದೆ. ಗಂಟೆಗೊಮ್ಮೆ ಐದು ನಿಮಿಷ ಕುಳಿತುಕೊಳ್ಳುವುದೂ, ರಾತ್ರಿ ಕಾಲಡಿಗೆ ದಿಂಬಿಟ್ಟು ಮಲಗುವುದೂ ಇದಕ್ಕೆ ಖರ್ಚಿಲ್ಲದ ಪರಿಹಾರ. ಸದಾ ನೀರಿನಲ್ಲಿ ಕೈಯಿಟ್ಟು ಪಾತ್ರೆ ತೊಳೆಯುವವರನ್ನು ಉಗುರುಸುತ್ತು, ಬೆರಳ ಸಂದಿನ ಹುಣ್ಣು ಕಾಡುತ್ತವೆ. ಅಂತಹ ಕೈಯಿಂದ ಆಹಾರಕ್ಕೂ ಸೋಂಕು ತಗಲುತ್ತದೆ. ಎಲ್ಲಕ್ಕಿಂತ ಭಯಾನಕವಾದುದು ಗಾಳಿಯಾಡದ ಕೋಣೆಯಲ್ಲಿ ಹತ್ತಾರು ಮಂದಿ ಒತ್ತಾಗಿ ಮಲಗುವ ಪದ್ಧತಿ. ಕ್ಷಯ ಹರಡುವುದಕ್ಕೆ ಇಷ್ಟು ಸಾಕು.

ಮಕ್ಕಳ ವಿಷಯದಲ್ಲಿ ಕಾನೂನು ಬಹಳ ತಡವಾಗಿ ಬಂದಿತು. ಹೊಟೇಲು, ಖಾನಾವಳಿಗಳಲ್ಲಿ ಹದಿನಾಲ್ಕು ವರ್ಷದೊಳಗಿನವರ ದುಡಿಮೆಯನ್ನು 2006ರ ಅಕ್ಟೋಬರ್ 10ರಿಂದ ನಿಷೇಧಿಸಲಾಯಿತು. ಅದಕ್ಕೂ ಹಿಂದೆ ಹತ್ತು, ಹನ್ನೆರಡರ ಬಾಲಕರು ಊರಿನಿಂದ ಬಂದು ಸೇರುತ್ತಿದ್ದರು. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳು ಅಂಥವರಲ್ಲಿ ಅನೇಕರನ್ನು ಕೈಹಿಡಿದು ಎತ್ತಿದವು. ಹಗಲೆಲ್ಲ ದುಡಿದು ರಾತ್ರಿ ಪಾಠಕ್ಕೆ ಕುಳಿತ ಆ ಹುಡುಗರಲ್ಲಿ ವಕೀಲರೂ ಅಧ್ಯಾಪಕರೂ ಆದವರುಂಟು.

ಇಂದು ಪುಣೆಯ ಹೊಟೇಲುಗಳಲ್ಲಿ ದುಡಿಯುವ ಯುವಕರಲ್ಲಿ ಅನೇಕರು ಬಿಹಾರ, ಒಡಿಶಾ, ನೇಪಾಳಗಳ ಕಡೆಯವರು. ಅವರಲ್ಲಿ ಎಷ್ಟೋ ಮಂದಿಗೆ ಈ ಊರಿನಲ್ಲಿ ಬಂಧುವಿನ ಹೊಟೇಲಿಲ್ಲ. ಮೇಜಿನಿಂದ ಒಲೆಗೆ, ಒಲೆಯಿಂದ ಗಲ್ಲಾಕ್ಕೆ ಕರೆದೊಯ್ಯುವವರೂ ಇಲ್ಲ. ನಮ್ಮ ಸಮಾಜದ ಹೊಟೇಲು ಮಾಲಿಕರು ಈ ಸಂಚಿಕೆಯ ಓದುಗರಲ್ಲಿಯೂ ಇರುವುದರಿಂದ ಕೆಲವು ಮಾತುಗಳನ್ನು ನೇರವಾಗಿಯೇ ಹೇಳುತ್ತೇನೆ. ಆಹಾರವನ್ನು ಮುಟ್ಟುವ ಪ್ರತಿಯೊಬ್ಬ ಕೆಲಸಗಾರನಿಗೂ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆಯಾಗಬೇಕೆಂದೂ, ವಿಷಮಶೀತಜ್ವರದ ವಿರುದ್ಧ ಚುಚ್ಚುಮದ್ದು ಕೊಡಿಸಬೇಕೆಂದೂ 2011ರ ಆಹಾರ ಸುರಕ್ಷತಾ ನಿಯಮಗಳು ವಿಧಿಸಿವೆ. ಇದು ಕಾಗದದ ಮೇಲಿನ ಮೊಹರಾಗಿ ಉಳಿಯಬಾರದು. ಎರಡು ವಾರ ದಾಟಿದ ಕೆಮ್ಮಿಗೆ ಸರಕಾರಿ ಆಸ್ಪತ್ರೆಯಲ್ಲಿ ಕಫದ ಪರೀಕ್ಷೆಯೂ, ಕ್ಷಯವೆಂದು ತಿಳಿದರೆ ಔಷಧಿಯೂ ಉಚಿತವಾಗಿ ದೊರೆಯುತ್ತವೆ. ಹುಡುಗನು ಕೆಲಸ ಹೋದೀತೆಂಬ ಅಂಜಿಕೆಯಿಂದ ಕೆಮ್ಮನ್ನು ಬಚ್ಚಿಡದಂತೆ ನೋಡಿಕೊಳ್ಳಬೇಕಾದವನು ಗಲ್ಲಾದಲ್ಲಿ ಕುಳಿತವನು. ಮಲಗುವ ಕೋಣೆಗೆ ಎದುರುಬದುರಾಗಿ ಎರಡು ಕಿಟಕಿಗಳಿರಲಿ. ರಾತ್ರಿಯೂ ಅವು ತೆರೆದಿರಲಿ.