ಸೀರೆಯ ಕೊಂಡಿಯೂ ಕೃತಕ ಸ್ನಾಯುವೂ



ಬಾಗಲಕೋಟೆ, ಬಾದಾಮಿ, ಹುನಗುಂದಗಳ ಸೀಮೆಯಲ್ಲಿ ಇಳಕಲ್ಲ ಸೀರೆಯನ್ನು ಕಾಣದ ಹೆಣ್ಣುಮಕ್ಕಳಿಲ್ಲ. ಆದರೆ ಅದರ ಸೆರಗು ಒಡಲಿಗೆ ಹೇಗೆ ಕೂಡಿತೆಂದು ಕೇಳಿದವರು ಎಷ್ಟು ಮಂದಿ? ನೇಕಾರನು ಒಡಲಿನ ಹಾಸನ್ನೂ ಸೆರಗಿನ ರೇಶ್ಮೆಯ ಹಾಸನ್ನೂ ಬೇರೆಬೇರೆಯಾಗಿ ಅಣಿಮಾಡಿ, ಎಳೆಯ ಕುಣಿಕೆಗೆ ಎಳೆಯ ಕುಣಿಕೆಯನ್ನು ಕೋದು ಕೂಡಿಸುವನು. ಇದಕ್ಕೆ ಕೊಂಡಿ ಎಂದು ಹೆಸರು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಪಾಠವು ಸುಲಭವಾಗುವದು.

ಲಾಳಿಯನ್ನು ಎಸೆಯುವ ತೋಳು ಹೇಗೆ ಚಲಿಸುವದು? ಸ್ನಾಯುವಿನೊಳಗೆ ಮಯೋಸಿನ್ ಎಂಬ ಪ್ರೋಟೀನಿನ ಅಸಂಖ್ಯ ಅಣುಗಳು ಆಕ್ಟಿನ್ ಎಂಬ ಎಳೆಗಳನ್ನು ಹಿಡಿದು ಜಗ್ಗುವವು. ಆಗ ಸ್ನಾಯುವು ಕುಗ್ಗುವದು. ಇದಕ್ಕೆ ಉರುವಲು ಎ.ಟಿ.ಪಿ. ಎಂಬ ದ್ರವ್ಯ. ಕೈನೆಸಿನ್ ಎಂಬ ಇನ್ನೊಂದು ಅಣುಯಂತ್ರವು 1985ರಲ್ಲಿ ಕಂಡುಹಿಡಿಯಲ್ಪಟ್ಟಿತು. ಅದು ಜೀವಕೋಶದೊಳಗಿನ ಸೂಕ್ಷ್ಮನಾಳಗಳ ಮೇಲೆ ನಡೆದು ಹೊರೆ ಸಾಗಿಸುವದು. ಅದರ ಒಂದು ಹೆಜ್ಜೆ 8 ನ್ಯಾನೊಮೀಟರ್, ಅಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷ ಭಾಗಗಳಲ್ಲಿ ಎಂಟು, ಹೆಜ್ಜೆಗೊಂದು ಎ.ಟಿ.ಪಿ. ಅಣುವಿನ ವೆಚ್ಚ.

ಒಂದೊಂದು ಅಣುವಿನ ಬಲವು ಅತ್ಯಲ್ಪ. ಬಿಡಿ ಎಳೆಗಳು ಸೀರೆಯಾಗಲಾರವು. ಅವನ್ನು ಕೂಡಿಸುವ ಕೊಂಡಿ ಬೇಕು. ಇಲ್ಲಿ ಆ ಕೊಂಡಿಯೇ ಡಿ.ಎನ್.ಎ. ಅದರ ನಾಲ್ಕು ಅಕ್ಷರಗಳಲ್ಲಿ 'ಎ' ಎಂಬುದು 'ಟಿ'ಯೊಡನೆಯೂ 'ಜಿ' ಎಂಬುದು 'ಸಿ'ಯೊಡನೆಯೂ ಜೊತೆಗೂಡುವದು. ಆದುದರಿಂದ ಅಕ್ಷರಗಳ ಸಾಲನ್ನು ಮೊದಲೇ ನಿಶ್ಚಯಿಸಿದರೆ, ಯಾವ ಎಳೆಯು ಯಾವದನ್ನು ಸೇರಬೇಕೆಂಬದನ್ನು ನಾವೇ ವಿಧಿಸಬಹುದು. 2006ರಲ್ಲಿ ಪಾಲ್ ರೋಥ್‌ಮಂಡ್ ಎಂಬವರು ಒಂದು ಉದ್ದವಾದ ಎಳೆಯನ್ನು ಅನೇಕ ಚಿಕ್ಕ ಎಳೆಗಳಿಂದ ಮಡಿಚಿ, ಬೇಕಾದ ಆಕಾರಗಳನ್ನು ರಚಿಸಿದರು. 2019ರಲ್ಲಿ ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದ ಅಕಿರಾ ಕಾಕುಗೊ ಮತ್ತು ಅವರ ಸಂಗಡಿಗರು ಇಂಥ ಡಿ.ಎನ್.ಎ. ಕೋಲುಗಳಿಂದ ಸೂಕ್ಷ್ಮನಾಳಗಳನ್ನು ನಕ್ಷತ್ರಾಕಾರವಾಗಿ ಜೋಡಿಸಿದರು. ಕೈನೆಸಿನನ್ನೂ ಉರುವಲನ್ನೂ ಒದಗಿಸಲು ಆ ಜೋಡಣೆಯು ಸ್ನಾಯುವಿನಂತೆ ಬೇಗನೆ ಕುಗ್ಗಿತು.

ಇದು ದೂರದೇಶದವರ ವಿದ್ಯೆಯೇ ಎಂದೆಣಿಸಬೇಡಿರಿ. 2009ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಯಮುನಾ ಕೃಷ್ಣನ್ ಎಂಬ ವಿದುಷಿಯೂ ಅವರ ಸಂಗಡಿಗರೂ ಡಿ.ಎನ್.ಎ.ಯಿಂದಲೇ ಪುಟ್ಟ ಯಂತ್ರವೊಂದನ್ನು ಮಾಡಿ, ಜೀವಂತ ಕೋಶದೊಳಗಿನ ಆಮ್ಲತೆಯನ್ನು ಅಳೆದರು. ಆಮ್ಲ ಹೆಚ್ಚಿದಲ್ಲಿ ಅದು ಮುಚ್ಚುವದು, ತಗ್ಗಿದಲ್ಲಿ ತೆರೆಯುವದು. 2013ರಲ್ಲಿ ಅವರಿಗೆ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ಸಂದಿತು.

ಆದರೂ ಒಂದು ಎಚ್ಚರಿಕೆಯ ಮಾತು. ಈ ಕೃತಕ ಸ್ನಾಯುವು ಇನ್ನೂ ಪ್ರಯೋಗಶಾಲೆಯನ್ನು ದಾಟಿಲ್ಲ. ಬಿಸಿ ಹೆಚ್ಚಿದರೆ ಪ್ರೋಟೀನು ಕೆಡುವದು. ಉರುವಲು ತೀರಿದರೆ ಚಲನೆ ನಿಲ್ಲುವದು. ಕೈ ಕಳೆದುಕೊಂಡವರಿಗೆ ಇದರಿಂದ ಹೊಸ ಕೈ ಬಂತೆಂದು ಯಾರಾದರೂ ಹೇಳಿದರೆ ನಂಬಬಾರದು. ನಮ್ಮ ತೋಳು ಕುಗ್ಗುವದಷ್ಟೇ ಅಲ್ಲ. ಸಡಿಲಗೊಂಡು ಮತ್ತೆ ಕುಗ್ಗುವದು, ಸವೆದುದನ್ನು ತಾನೇ ಸರಿಪಡಿಸಿಕೊಳ್ಳುವದು. ವರ್ಷಗಟ್ಟಲೆ ಹಾಗೆ ದುಡಿಯುವ ಸ್ನಾಯುವನ್ನು ಕಟ್ಟುವ ಕೆಲಸವು ಮುಂದಿನವರಿಗಾಗಿ ಕಾದಿದೆ.

ತಾಯಿತಂದೆಗಳೇ, ಆ ಮುಂದಿನವರು ಯಾರು? ಮಗ್ಗದ ಮನೆಯಲ್ಲಿ ಬೆಳೆದ ಹುಡುಗಿಯು ಕೊಂಡಿಯೆಂದರೇನೆಂಬದನ್ನು ಪುಸ್ತಕವಿಲ್ಲದೆಯೇ ಬಲ್ಲಳು. ಹತ್ತನೆಯ ತರಗತಿ ಮುಗಿಯಿತೆಂದು ಅವಳ ಓದನ್ನು ನಿಲ್ಲಿಸಬೇಡಿರಿ. ರಸಾಯನಶಾಸ್ತ್ರವನ್ನೂ ಜೀವಶಾಸ್ತ್ರವನ್ನೂ ಮುಂದಕ್ಕೆ ಓದಿಸಿರಿ.